ಪೊಲೀಸರ ಮೇಲೆ ದೂರು, ಪರಿಹಾರಕ್ಕೆ ದಾವೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವನು. ಈ ಪ್ರಶ್ನೆಗಳು ಆಫೀಸಿಗಿಂತ ಜಾಸ್ತಿ ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಬರುತ್ತವೆ, ಅದೂ ಮೆಲ್ಲಗಿನ ದನಿಯಲ್ಲಿ. ಉತ್ತರಗಳೆಲ್ಲ ಕರ್ನಾಟಕದ ಲೆಕ್ಕಕ್ಕೆ. 2024ರ ಜುಲೈ 1ರಿಂದ, ಯಾವುದು ಅಪರಾಧ, ಶಿಕ್ಷೆ ಏನು ಅಂತ ಹೇಳುವ ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ), ದಸ್ತಗಿರಿ, ತನಿಖೆ, ವಿಚಾರಣೆ ಹೇಗೆ ಅಂತ ಹೇಳುವ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿದೆ. ಹಾಗಾಗಿ ಹೊಸ ಸೆಕ್ಷನ್ ನಂಬರುಗಳನ್ನೇ ಕೊಟ್ಟಿದ್ದೇನೆ.

ಸ್ಟೇಷನ್‌ನಲ್ಲಿ ಹೊಡೆದರು. ಈಗ ಯಾರ ಹತ್ತಿರ ಹೋಗಬೇಕು?

ಮೊದಲು ನಿಮಗೆ ಏನು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ನಾನು ಎಲ್ಲರಿಗೂ ಮೂರು ಮಾತು ಹೇಳುತ್ತೇನೆ: ಕೆಲಸ, ಕೇಸು, ಕಾಸು. ಆ ಅಧಿಕಾರಿಯ ಕೆಲಸಕ್ಕೆ ಪೆಟ್ಟು ಬೀಳಬೇಕು, ಅಂದರೆ ಅಮಾನತು, ಇಲಾಖಾ ವಿಚಾರಣೆ ಆಗಬೇಕು ಅಂದರೆ ಎಸ್‌ಪಿ ಅಥವಾ ಪೊಲೀಸ್ ದೂರು ಪ್ರಾಧಿಕಾರ. ಅವನ ಮೇಲೆ ಕ್ರಿಮಿನಲ್ ಕೇಸು ಆಗಬೇಕು ಅಂದರೆ ಎಫ್‌ಐಆರ್ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಪಿಸಿಆರ್, ಅಂದರೆ ನೀವೇ ನೇರವಾಗಿ ಕೋರ್ಟಿಗೆ ಕೊಡುವ ಖಾಸಗಿ ದೂರು. ಪರಿಹಾರದ ಹಣ ಬೇಕು ಅಂದರೆ ಹೈಕೋರ್ಟಿನಲ್ಲಿ ರಿಟ್ (ಮೂಲಭೂತ ಹಕ್ಕು ಮುರಿದರು ಅಂತ ಹಾಕುವ ಅರ್ಜಿ) ಅಥವಾ ಸಿವಿಲ್ ಕೋರ್ಟಿನಲ್ಲಿ ದಾವೆ.

ಮೂರೂ ಬೇಕು ಅಂದರೂ ಕೇಳಬಹುದು, ಒಂದಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. ಆದರೆ ಒಂದೇ ಅರ್ಜಿಯಲ್ಲಿ ಮೂರನ್ನೂ ಕಲಸಿ ಮುಖ್ಯಮಂತ್ರಿಯಿಂದ ಹಿಡಿದು ಎಲ್ಲರಿಗೂ ಕಳಿಸುತ್ತಾರಲ್ಲ, ಆ ಅರ್ಜಿ ಕೊನೆಗೆ ಸುತ್ತಿ ಬಳಸಿ ಅದೇ ಸ್ಟೇಷನ್ನಿಗೆ ‘ಸೂಕ್ತ ಕ್ರಮಕ್ಕಾಗಿ’ ಅಂತ ಬಂದು ಬೀಳುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು?

ಆಸ್ಪತ್ರೆ. ವಕೀಲರ ಹತ್ತಿರ ಆಮೇಲೆ ಬನ್ನಿ.

ಒಬ್ಬ ಆಟೊ ಹುಡುಗ ನನ್ನ ಹತ್ತಿರ ಬಂದಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದ. ಅಂಗಾಲು ಊದಿಕೊಂಡು ಚಪ್ಪಲಿ ಹತ್ತುತ್ತಿರಲಿಲ್ಲ. ಆಸ್ಪತ್ರೆಯ ಚೀಟಿ ತೋರಿಸು ಅಂದೆ. ಅದರಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಅಂತಿತ್ತು. ಡಾಕ್ಟರು ಕೇಳಿದಾಗ ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಹಾಗೆ ಹೇಳಿದ, ಇವನು ತಲೆ ತಗ್ಗಿಸಿ ಸುಮ್ಮನಿದ್ದ. ಬೈಕಿನಿಂದ ಬಿದ್ದವನಿಗೆ ಎರಡೂ ಅಂಗಾಲು ಹೇಗೆ ಊದಿಕೊಳ್ಳುತ್ತೆ ಅಂತ ನಾವು ಆಮೇಲೆ ಎಷ್ಟು ವಾದ ಮಾಡಿದರೂ, ಕಾಗದದ ಮೇಲೆ ಇದ್ದದ್ದು ಬೈಕೇ.

ಅದಕ್ಕೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಎಂಎಲ್‌ಸಿ (ಗಾಯವನ್ನು ಕಾನೂನಿಗೆ ಸಂಬಂಧಿಸಿದ್ದು ಅಂತ ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ. ಗಾಯ ಹೇಗಾಯಿತು ಅಂತ ಡಾಕ್ಟರು ಬರೆಯುವ ಸಾಲನ್ನು ನೀವೇ ಬಾಯಿಬಿಟ್ಟು ಹೇಳಿ, ಬರೆದದ್ದನ್ನು ಓದಿಸಿಕೊಳ್ಳಿ. ಗಾಯದ ಫೋಟೊ ಅವತ್ತೂ ತೆಗೆಯಿರಿ, ಎರಡು ದಿನ ಬಿಟ್ಟೂ ತೆಗೆಯಿರಿ. ಬಾಸುಂಡೆ ಬಣ್ಣ ತಿರುಗುವುದು ಆಮೇಲೆಯೇ. ರಕ್ತ ಅಂಟಿದ ಬಟ್ಟೆಯನ್ನು ಅಮ್ಮ ಒಗೆದುಹಾಕುವ ಮೊದಲು ಪೇಪರ್ ಕವರಿನಲ್ಲಿ ಎತ್ತಿಡಿ.

ದಸ್ತಗಿರಿಯಲ್ಲಿ ಇದ್ದವರಿಗೂ ಇದು ಸಿಗಬೇಕು. ಬಿಎನ್‌ಎಸ್‌ಎಸ್ 53ನೇ ಸೆಕ್ಷನ್ ಪ್ರಕಾರ ದಸ್ತಗಿರಿ ಆದ ಕೂಡಲೇ ವೈದ್ಯರು ಪರೀಕ್ಷೆ ಮಾಡಬೇಕು. ಆ ವರದಿಯ ಪ್ರತಿಯನ್ನು ನಿಮಗೆ ಅಥವಾ ನೀವು ಹೇಳಿದವರಿಗೆ ಕೊಡಬೇಕು. ಕೇಳಿ ಪಡೆದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಏನು ಹೇಳಬೇಕು?

ದಸ್ತಗಿರಿ ಆದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ದಾರಿಯ ಪ್ರಯಾಣದ ಸಮಯ ಮಾತ್ರ ಅದರಲ್ಲಿ ಬರುವುದಿಲ್ಲ. ‘ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?’ ಅಂತ ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಹೊಡೆದವರೇ ಹಿಂದೆ ಒಂದು ಮಾರು ದೂರದಲ್ಲಿ ನಿಂತಿರುತ್ತಾರೆ. ‘ಇಲ್ಲ ಸ್ವಾಮಿ’ ಅಂತ ಬಾಯಿಗೆ ತಾನಾಗಿ ಬಂದುಬಿಡುತ್ತೆ. ಆ ‘ಇಲ್ಲ’ ಆರ್ಡರ್ ಶೀಟಿನಲ್ಲಿ ಕೂತುಬಿಡುತ್ತದೆ. ಆರು ತಿಂಗಳಾದ ಮೇಲೆ ಎದುರು ಕಡೆಯ ವಕೀಲರು ಮೊದಲು ಓದುವುದೇ ಅದನ್ನು.

ಹೌದು ಅಂತ ಹೇಳಿದರೆ ಮ್ಯಾಜಿಸ್ಟ್ರೇಟರು ಅದನ್ನು ಬರೆದುಕೊಂಡು ವೈದ್ಯಕೀಯ ಪರೀಕ್ಷೆಗೆ ಕಳಿಸಬಹುದು. ಅಂಗಿ ಬಿಚ್ಚಿ ತೋರಿಸಬೇಕಾದರೆ ತೋರಿಸಿ, ನಾಚಿಕೆ ಬೇಡ. ಮತ್ತೆ ಅದೇ ಸ್ಟೇಷನ್ನಿಗೆ ಕಳಿಸುತ್ತಾರೆಂಬ ಹೆದರಿಕೆ ಇದ್ದರೆ ಅದನ್ನೂ ಅಲ್ಲೇ ಹೇಳಿ.

ಪೊಲೀಸರು ಏನು ಮಾಡಿದರೆ ‘ತಪ್ಪು’ ಅಂತ ಲೆಕ್ಕ?

1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಪಟ್ಟಿಯನ್ನೇ ಕೊಟ್ಟಿತು. ದಸ್ತಗಿರಿ ಮಾಡುವವರ ಎದೆ ಮೇಲೆ ಹೆಸರಿನ ಪಟ್ಟಿ ಇರಬೇಕು. ದಸ್ತಗಿರಿ ಮೆಮೊ ಬರೆದು ಸಾಕ್ಷಿ ಸಹಿ ಹಾಕಿಸಬೇಕು. ಮನೆಯವರಿಗೆ ತಿಳಿಸಬೇಕು. ಕಸ್ಟಡಿಯಲ್ಲಿ ಇರುವಷ್ಟು ದಿನ 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇದರಲ್ಲಿ ಬಹಳಷ್ಟು ಈಗ ಕಾನೂನಿನಲ್ಲೇ ಸೇರಿದೆ.

ನಮ್ಮ ಕಡೆ ಜಾಸ್ತಿ ಆಗುವುದು ಬೇರೆ ಥರ. ‘ಸುಮ್ನೆ ವಿಚಾರಣೆಗೆ ಬಾ’ ಅಂತ ಕರೆದು ಎರಡು ದಿನ ಬೆಂಚಿನ ಮೇಲೆ ಕೂರಿಸುವುದು. ದಾಖಲೆಯಲ್ಲಿ ದಸ್ತಗಿರಿಯೇ ಇಲ್ಲ, ಮೂರನೇ ದಿನ ‘ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ’ ಅಂತ ಬರೆಯುತ್ತಾರೆ. ಹೀಗಾದರೆ ಮನೆಯವರು ಅವತ್ತೇ ಎಸ್‌ಪಿ ಕಚೇರಿಗೆ ಇ-ಮೇಲ್ ಹಾಕಬೇಕು, 112ಕ್ಕೆ ಕರೆ ಮಾಡಬೇಕು. ಆ ಇ-ಮೇಲಿನ ತಾರೀಖು, ಗಂಟೆಯೇ ಮುಂದೆ ಸಾಕ್ಷಿ. ಹೆಂಗಸರನ್ನು, 15 ವರ್ಷದ ಒಳಗಿನವರನ್ನು, 60 ವರ್ಷ ದಾಟಿದವರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಹೋಗಬೇಕು.

ಏಕವಚನದಲ್ಲಿ ಬೈದರು. ಅದಕ್ಕೂ ದೂರು ಕೊಡಬಹುದಾ?

ಕೊಡಬಹುದು. ‘ಹೋಗೋ, ಬಾರೋ’ ಅಂದದ್ದಕ್ಕೆ ಪರಿಹಾರದ ದಾವೆ ನಿಲ್ಲುವುದಿಲ್ಲ, ಆದರೆ ದುರ್ವರ್ತನೆ ಅಂತ ಎಸ್‌ಪಿಗೆ ದೂರು ಕೊಟ್ಟರೆ ಮೆಮೊ ಆದರೂ ಆಗುತ್ತದೆ. ಜಾತಿ ಹಿಡಿದು ಬೈದರೆ ಅದು ಬೇರೆಯೇ ಮಾತು. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಕಣ್ಣೆದುರು ಹಾಗೆ ಅವಮಾನಿಸಿದರೆ ದೌರ್ಜನ್ಯ ತಡೆ ಕಾಯ್ದೆ ಪೊಲೀಸರಿಗೂ ಅನ್ವಯಿಸುತ್ತದೆ. ಯಾರ ಮುಂದೆ ಬೈದರು, ಯಾವ ಪದ ಬಳಸಿದರು ಅಂತ ಇದ್ದಹಾಗೇ ಬರೆಯಿರಿ. ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಅಂತ ರೈಟರ್ ಬರೆದುಕೊಡುವ ಸಾಲು ಯಾವುದಕ್ಕೂ ಸಾಲದು.

ಅದೇ ಸ್ಟೇಷನ್ನಿನಲ್ಲೇ ದೂರು ಕೊಡಬೇಕಾ? ತಗೊಳ್ಳುವುದಿಲ್ಲ ಅಂದರೆ?

ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ. ಹೊಸ ಕಾನೂನಿನಲ್ಲಿ, 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್ಪಿ ಒಪ್ಪಿಗೆ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಇದೆ. ಯಾವ ಠಾಣೆಯಲ್ಲಾದರೂ ‘ಝೀರೊ ಎಫ್‌ಐಆರ್’ ಕೊಡಬಹುದು. ಆದ್ದರಿಂದ ಹೊಡೆದವರ ಮುಂದೆಯೇ ಹೋಗಿ ನಿಲ್ಲಬೇಕಾಗಿಲ್ಲ.

ತಗೊಳ್ಳದಿದ್ದರೆ ದೂರನ್ನು ಬರಹದಲ್ಲಿ ಎಸ್‌ಪಿಗೆ, ನಗರದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ ಕಳಿಸಿ. ಖುದ್ದಾಗಿ ಕೊಡುವುದಾದರೆ ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಸಾಹೇಬ್ರಿಲ್ಲ, ನಾಳೆ ಬನ್ನಿ’ ಅಂದರೆ ಜಗಳ ಬೇಡ. ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಸಾಹೇಬರಿಗೆ ನೀವು ಸಿಗದಿದ್ದರೂ ಕಾಗದ ಸಿಗುತ್ತದೆ.

ಪೊಲೀಸ್ ದೂರು ಪ್ರಾಧಿಕಾರ ಅಂದರೆ ಏನು?

2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಇದನ್ನು ಮಾಡಿ ಅಂತ ಹೇಳಿತು. ಕೋರ್ಟಿಗೆ ಅರ್ಜಿ ಹಾಕಿದ್ದು ಒಬ್ಬ ನಿವೃತ್ತ ಪೊಲೀಸ್ ಮುಖ್ಯಸ್ಥರು ಅನ್ನುವುದು ಈ ಕಥೆಯ ಸ್ವಾರಸ್ಯ. ಅವರು ಉತ್ತರ ಪ್ರದೇಶದ ಡಿಜಿಪಿ ಆಗಿದ್ದವರು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪ್ರಾಧಿಕಾರಗಳಿಗೆ ಜಾಗ ಮಾಡಿತು.

ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಲೆಕ್ಕ ಹೀಗಿದೆ: ಡಿವೈಎಸ್ಪಿ ಮತ್ತು ಕೆಳಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದು ರಾಜ್ಯಕ್ಕೆ. ಕಸ್ಟಡಿಯಲ್ಲಿ ಸಾವು, ಭಾರಿ ಗಾಯ, ಅತ್ಯಾಚಾರ ಇವು ಎರಡರ ವ್ಯಾಪ್ತಿಗೂ ಬರುತ್ತವೆ. ಸುಲಿಗೆ, ಜಾಗ ಕಬಳಿಸುವುದು, ಅಧಿಕಾರದ ದೊಡ್ಡ ದುರುಪಯೋಗ ಇವನ್ನೂ ಜಿಲ್ಲಾ ಪ್ರಾಧಿಕಾರ ನೋಡಬೇಕು. ಎಲ್ಲ ಕಡೆ ಒಂದೇ ಚುರುಕು ಇರುವುದಿಲ್ಲ. ಆದರೂ ಒಂದು ಪ್ರತಿ ಅಲ್ಲಿಗೆ ಹೋಗಿರಲಿ ಅನ್ನುತ್ತೇನೆ.

ಮಾನವ ಹಕ್ಕು ಆಯೋಗಕ್ಕೆ ಬರೆದರೆ ಉಪಯೋಗ ಇದೆಯಾ?

ಇದೆ. ಫೀಸಿಲ್ಲ, ವಕೀಲರು ಬೇಡ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು, ಆಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಆಯೋಗ ಕೊಡುವುದು ಶಿಫಾರಸು, ಕೋರ್ಟಿನ ಡಿಕ್ರಿಯಲ್ಲ. ಆದರೆ ಆಯೋಗ ವರದಿ ಕೇಳಿದಾಗ ಇಲಾಖೆ ಏನಾದರೂ ಒಂದು ಉತ್ತರವನ್ನು ಬರೆದು ಕೊಡಲೇಬೇಕು. ಆ ಉತ್ತರದಲ್ಲಿ ಅವರೇ ಒಪ್ಪಿಕೊಂಡ ಸಣ್ಣ ಪುಟ್ಟ ಸಂಗತಿ (ಇಂಥ ದಿನ ಇಂಥವನನ್ನು ಠಾಣೆಗೆ ಕರೆತಂದಿದ್ದು ನಿಜ ಅನ್ನುವಷ್ಟು) ನಿಮ್ಮ ದಾವೆಗೆ ಬೇಕಾಗುತ್ತದೆ.

ಹೊಡೆದಿಲ್ಲ, ದುಡ್ಡು ಕೇಳುತ್ತಿದ್ದಾರೆ.

ಹಾಗಾದರೆ ಲೋಕಾಯುಕ್ತ. ದುಡ್ಡು ಕೊಡುವ ಮೊದಲೇ ಹೋಗಿ. ಅವರು ನೋಟಿನ ನಂಬರು ಬರೆದುಕೊಂಡು ಫಿನಾಲ್ಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ನೋಟು ಮುಟ್ಟಿದ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ವಿಧಿಯಿಲ್ಲದೆ ಈಗಾಗಲೇ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಿ. 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರೂ ಅಪರಾಧಿಯೇ, ಆ 7 ದಿನವೇ ನಿಮಗಿರುವ ರಕ್ಷಣೆ.

ಪಿಸಿಆರ್ ಹಾಕಿದರೆ ಪೊಲೀಸರ ಮೇಲೆ ಕೇಸು ನಿಲ್ಲುತ್ತಾ?

ನಿಲ್ಲಿಸಬಹುದು, ಆದರೆ ದಾರಿ ಸಲೀಸಲ್ಲ. ತಪ್ಪೊಪ್ಪಿಗೆಗಾಗಿ ಹೊಡೆಯುವುದು ಬಿಎನ್‌ಎಸ್ 120ರ ಅಪರಾಧ, ಅಕ್ರಮವಾಗಿ ಕೂಡಿಹಾಕುವುದು 127ರದ್ದು. ಠಾಣೆ, ಎಸ್‌ಪಿ ಎರಡೂ ಕಡೆ ಆಗಲಿಲ್ಲ ಅಂದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ಸರ್ಕಾರಿ ನೌಕರ ಕರ್ತವ್ಯದಲ್ಲಿ ಮಾಡಿದ ಕೆಲಸದ ಬಗ್ಗೆ ದೂರು ಅಂದರೆ, ಹೊಸ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟರು ಮೊದಲು ಮೇಲಧಿಕಾರಿಯ ವರದಿ ತರಿಸಬೇಕು, ಆ ನೌಕರನ ಮಾತನ್ನೂ ಕೇಳಬೇಕು.

ದೊಡ್ಡ ಅಡ್ಡಿ ಇರುವುದು ಸರ್ಕಾರದ ಮಂಜೂರಾತಿಯಲ್ಲಿ, ಅಂದರೆ ತನ್ನ ನೌಕರನ ಮೇಲೆ ಕೇಸು ನಡೆಸಲು ಸರ್ಕಾರ ಕೊಡಬೇಕಾದ ಒಪ್ಪಿಗೆಯಲ್ಲಿ. ಬಿಎನ್‌ಎಸ್‌ಎಸ್ 218 ಒಂದು ಕಡೆ, ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಸೆಕ್ಷನ್ ಇನ್ನೊಂದು ಕಡೆ. ಕರ್ತವ್ಯದ ಹೆಸರಿನಲ್ಲಿ ಅಥವಾ ಅದರ ಮಿತಿ ಮೀರಿ ಮಾಡಿದ ಕೃತ್ಯಕ್ಕೂ ಸರ್ಕಾರದ ಮಂಜೂರಾತಿ ಮೊದಲೇ ಬೇಕು ಅನ್ನುತ್ತದೆ ಈ 170. ಬೆಂಗಳೂರಿನದೇ ಒಂದು ಕಸ್ಟಡಿ ಹಲ್ಲೆಯ ದೂರಿನಲ್ಲಿ 2020ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ ಕೇಸು ರದ್ದು ಮಾಡಿತು. ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ರಕ್ಷಣೆ ಇಲ್ಲ ಅಂತಲೂ ಹೇಳಿತು.

ಜನರಿಗೆ ಇದನ್ನು ವಿವರಿಸುವುದು ನನಗೆ ಈಗಲೂ ಕಷ್ಟ. ‘ಹೊಡೆಯೋದು ಡ್ಯೂಟಿನಾ ಸಾರ್?’ ಅಂತ ಕೇಳುತ್ತಾರೆ. ಡ್ಯೂಟಿ ಅಲ್ಲ, ಆದರೆ ಡ್ಯೂಟಿ ಮಾಡುವಾಗ ಹೊಡೆದದ್ದು. ವಾದ ನಡೆಯುವುದೆಲ್ಲ ಈ ಎರಡರ ನಡುವೆ. ಒಂದು ಸಮಾಧಾನ ಏನೆಂದರೆ 218ರ ಅಡಿ ಅರ್ಜಿ ಹೋದಮೇಲೆ 120 ದಿನದಲ್ಲಿ ಸರ್ಕಾರ ಏನೂ ಹೇಳದಿದ್ದರೆ ಮಂಜೂರಾತಿ ಕೊಟ್ಟಹಾಗೇ ಲೆಕ್ಕ. ಆದ್ದರಿಂದ ಪಿಸಿಆರ್ ಜೊತೆಗೇ ಮಂಜೂರಾತಿ ಅರ್ಜಿಯನ್ನೂ ಹಾಕಿಬಿಡಿ.

ಠಾಣೆಯ ಸಿಸಿಟಿವಿ ಸಿಗುತ್ತಾ?

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ ಹೇಳಿದೆ. ಗೇಟು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿ ಎಲ್ಲ ಅದರಲ್ಲಿ ಕಾಣಬೇಕು. ರೆಕಾರ್ಡಿಂಗ್ 18 ತಿಂಗಳು ಇರಬೇಕು, ಅಂಥ ಉಪಕರಣ ಸಿಗದಿದ್ದರೆ ಕಡಿಮೆ ಅಂದರೂ ಒಂದು ವರ್ಷ. ಕಾಗದದ ಮೇಲೆ ಹೀಗಿದೆ. ಕೇಳಿದಾಗ ಬರುವ ಉತ್ತರ ಮಾತ್ರ ಸಾಮಾನ್ಯವಾಗಿ ‘ಅವತ್ತು ಕ್ಯಾಮೆರಾ ರಿಪೇರಿಯಲ್ಲಿತ್ತು’.

ಅದಕ್ಕೇ ಮೊದಲ ವಾರದಲ್ಲೇ ಎರಡು ಅರ್ಜಿ ಹಾಕಿ. ಒಂದು, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ದೃಶ್ಯ ಅಳಿಸಬೇಡಿ ಅಂತ ಎಸ್‌ಪಿಗೆ. ಇನ್ನೊಂದು ಆರ್‌ಟಿಐ, 10 ರೂಪಾಯಿ ಶುಲ್ಕದ್ದು. ಆರ್‌ಟಿಐಯಲ್ಲಿ ದೃಶ್ಯ ಕೊಡದಿದ್ದರೂ ಪರವಾಗಿಲ್ಲ, ಅದೇ ದಿನದ ಸ್ಟೇಷನ್ ಹೌಸ್ ಡೈರಿಯ (ಠಾಣೆಯಲ್ಲಿ ದಿನವೂ ನಡೆದದ್ದನ್ನು ಬರೆಯುವ ಪುಸ್ತಕ) ಪ್ರತಿ, ಕ್ಯಾಮೆರಾ ರಿಪೇರಿಯ ಬಿಲ್ಲು ಎರಡನ್ನೂ ಕೇಳಿ. ರಿಪೇರಿ ಆಗಿದ್ದರೆ ಬಿಲ್ಲು ಇರಬೇಕು, ಅಲ್ವಾ?

ಪರಿಹಾರಕ್ಕೆ ಹೈಕೋರ್ಟಾ, ಸಿವಿಲ್ ಕೋರ್ಟಾ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1947ರಲ್ಲಿ ಮೀರತ್ ಪೊಲೀಸರು ಒಬ್ಬ ಚಿನ್ನದ ವ್ಯಾಪಾರಿಯನ್ನು ಹಿಡಿದು ನೂರು ತೊಲಕ್ಕೂ ಹೆಚ್ಚು ಚಿನ್ನ ಜಪ್ತಿ ಮಾಡಿದರು. ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ವ್ಯಾಪಾರಿ ಸರ್ಕಾರದ ಮೇಲೆ ದಾವೆ ಹಾಕಿದರು. 1964ರಲ್ಲಿ ಸುಪ್ರೀಂ ಕೋರ್ಟ್, ದಸ್ತಗಿರಿ, ಜಪ್ತಿ ಎಲ್ಲ ಸಾರ್ವಭೌಮ ಅಧಿಕಾರದ (ಸರ್ಕಾರ ಮಾತ್ರ ಮಾಡಬಹುದಾದ) ಕೆಲಸ, ಸರ್ಕಾರ ಹಣ ಕೊಡಬೇಕಾಗಿಲ್ಲ ಅಂದುಬಿಟ್ಟಿತು. ಇದೇ ಕಸ್ತೂರಿ ಲಾಲ್ ತೀರ್ಪು. ಸಿವಿಲ್ ದಾವೆಯಲ್ಲಿ ಸರ್ಕಾರಿ ವಕೀಲರು ಇದನ್ನು ಇವತ್ತಿಗೂ ಎತ್ತುತ್ತಾರೆ.

1993ರಲ್ಲಿ ನೀಲಬತಿ ಬೆಹೆರಾ ಪ್ರಕರಣದಲ್ಲಿ ಈ ಬೀಗ ಸಡಿಲವಾಯಿತು. ಒಡಿಶಾದಲ್ಲಿ ಪೊಲೀಸರು ಕರೆದೊಯ್ದಿದ್ದ 22 ವರ್ಷದ ಮಗ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಿದ್ದ. ತಾಯಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಮಾಡಿಕೊಂಡಿತು. ಮೂಲಭೂತ ಹಕ್ಕು ಮುರಿದಾಗ ರಿಟ್‌ನಲ್ಲಿ ಪರಿಹಾರ ಕೊಡಬಹುದು, ಅಲ್ಲಿ ಸಾರ್ವಭೌಮ ಅಧಿಕಾರದ ನೆಪ ನಡೆಯುವುದಿಲ್ಲ ಅಂತ ಹೇಳಿ 1.5 ಲಕ್ಷ ರೂಪಾಯಿ ಕೊಡಿಸಿತು.

ಆದ್ದರಿಂದ ಸಂಗತಿ ಸ್ಪಷ್ಟ ಇದ್ದರೆ, ಅಂದರೆ ವೈದ್ಯರ ವರದಿ, ಡೈರಿ, ವಿಡಿಯೊ ಕೈಯಲ್ಲಿದ್ದರೆ ಹೈಕೋರ್ಟಿಗೆ ಹೋಗಿ. ಬೆಂಗಳೂರಿಗೇ ಹೋಗಬೇಕಾಗಿಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ. ‘ಹೊಡೆದರು’, ‘ಇಲ್ಲ, ಮುಟ್ಟಲೇ ಇಲ್ಲ’ ಅನ್ನುವ ಜಗಳವಿದ್ದು ಸಾಕ್ಷಿ ವಿಚಾರಣೆ ಬೇಕಾದರೆ ಹೈಕೋರ್ಟ್ ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತದೆ. ಅಲ್ಲಿ ಕೇಳಿದ ಮೊತ್ತದ ಮೇಲೆ ಕೋರ್ಟ್ ಶುಲ್ಕ ಕಟ್ಟಬೇಕು. ವರ್ಷಗಟ್ಟಲೆ ಎಳೆಯುತ್ತದೆ.

ದಾವೆ ಹಾಕಲು ಎಷ್ಟು ದಿನ ಟೈಮಿದೆ?

ಒಂದು ವರ್ಷ. ಬಹಳ ಜನ ಸೋಲುವುದು ಇಲ್ಲೇ. ಜಮೀನಿನ ದಾವೆಯ ಹಾಗೆ 12 ವರ್ಷ ಇದೆ ಅಂದುಕೊಂಡಿರುತ್ತಾರೆ. ಅಕ್ರಮ ಬಂಧನಕ್ಕೆ ಬಿಡುಗಡೆ ಆದ ದಿನದಿಂದ ಒಂದು ವರ್ಷ. ಸುಳ್ಳು ಕೇಸು ಹಾಕಿದ್ದಕ್ಕೆ, ಆ ಕೇಸಿನಲ್ಲಿ ಖುಲಾಸೆ ಆದ ದಿನದಿಂದ ಒಂದು ವರ್ಷ. ಖುಲಾಸೆ ಆದ ಖುಷಿಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದು, ಮಗಳ ಮದುವೆ ಮುಗಿಸಿ, ಆಮೇಲೆ ನೋಡೋಣ ಅಂತ ಬಂದವರಿಗೆ ನಾನು ಕೈ ಚೆಲ್ಲಬೇಕಾಗುತ್ತದೆ.

ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ರಾಜ್ಯ ಸರ್ಕಾರದ ಪರವಾಗಿ ಕಾರ್ಯದರ್ಶಿ ಅಥವಾ ಜಿಲ್ಲಾಧಿಕಾರಿಗೆ, ಜೊತೆಗೆ ಆ ಅಧಿಕಾರಿಗೆ. ಪೊಲೀಸ್ ಕಾಯ್ದೆಯ 170ರಲ್ಲಿ ಬೇರೆ ಒಂದು ತಿಂಗಳ ನೋಟಿಸು, ಮತ್ತೆ ಮಂಜೂರಾತಿ. ನೋಟಿಸಿನ ಅವಧಿ, ಮಂಜೂರಾತಿಗೆ ಹಿಡಿದ ಸಮಯ ಎರಡನ್ನೂ ಆ ಒಂದು ವರ್ಷದ ಲೆಕ್ಕದಿಂದ ಬಿಡುತ್ತಾರೆ. ಆದರೂ ಅದನ್ನು ನಂಬಿ ಕೊನೇ ತಿಂಗಳವರೆಗೆ ಕೂರಬೇಡಿ.

ಎಷ್ಟು ಸಿಗುತ್ತೆ?

ದರಪಟ್ಟಿ ಇಲ್ಲ. ಖುಲಾಸೆ ಆದಮೇಲೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಸಿಕ್ಕಿದ್ದು 35,000 ರೂಪಾಯಿ. ಅಧಿವೇಶನಕ್ಕೆ ಹೋಗದಂತೆ ಹಿಡಿದಿಟ್ಟಿದ್ದಕ್ಕೆ ಜಮ್ಮು ಕಾಶ್ಮೀರದ ಶಾಸಕ ಭೀಮ್ ಸಿಂಗ್‌ಗೆ 1985ರಲ್ಲಿ 50,000. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ, ಅದೂ 1994ರ ದಸ್ತಗಿರಿಗೆ. ನಮ್ಮ ಧಾರವಾಡ ಪೀಠ 2022ರಲ್ಲಿ, ಕಾರಣವಿಲ್ಲದೆ ಕೈಕೋಳ ತೊಡಿಸಿ ಕರೆದೊಯ್ದ ಕಾನೂನು ವಿದ್ಯಾರ್ಥಿಗೆ 2 ಲಕ್ಷ ಕೊಡಿಸಿತು.

ಹಣ ಕೊಡುವುದು ಸರ್ಕಾರ, ಅಂದರೆ ನಾವು ನೀವು ಕಟ್ಟಿದ ತೆರಿಗೆ. ತಪ್ಪು ಮಾಡಿದವರ ಸಂಬಳದಿಂದ ವಸೂಲಿ ಮಾಡಬಹುದು ಅಂತ ಕೋರ್ಟುಗಳು ಬರೆಯುತ್ತವೆ. ಧಾರವಾಡದ ತೀರ್ಪಿನಲ್ಲೂ ಬರೆದಿದೆ.

ದೂರು ಕೊಟ್ಟರೆ ನಮ್ಮ ಮೇಲೇ ‘353’ ಹಾಕಿದರೆ?

ಈ ಹೆದರಿಕೆ ಸುಳ್ಳಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಅನ್ನುವ ಹಳೇ 353 ಈಗ ಬಿಎನ್‌ಎಸ್ 132. ಎದುರು ಕೇಸು ಬೀಳುವುದಿದ್ದರೆ ಸಾಮಾನ್ಯವಾಗಿ ನಿಮ್ಮ ದೂರು ಹೋದ ಮರುದಿನವೇ ಬೀಳುತ್ತದೆ. ಆಗ ತಾರೀಖುಗಳೇ ಮಾತಾಡುತ್ತವೆ: ನಿಮ್ಮ ಸ್ಪೀಡ್ ಪೋಸ್ಟ್ ಸೋಮವಾರದ್ದು, ಅವರ ಎಫ್‌ಐಆರ್ ಮಂಗಳವಾರದ್ದು, ಆದರೆ ಘಟನೆ ಹಿಂದಿನ ಗುರುವಾರದ್ದು. ಕರ್ತವ್ಯಕ್ಕೆ ಅಡ್ಡಿ ಆಗಿದ್ದರೆ ಐದು ದಿನ ಯಾಕೆ ಸುಮ್ಮನಿದ್ದರು? ನಿರೀಕ್ಷಣಾ ಜಾಮೀನಿಗೆ, ಎಫ್‌ಐಆರ್ ರದ್ದತಿಗೆ ಈ ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತೆ. ಹಾಗಂತ ಠಾಣೆಯಲ್ಲಿ ಕೈ ಮುಂದೆ ಮಾಡಬೇಡಿ, ಕಾಲರ್ ಮುಟ್ಟಬೇಡಿ.

ಲಾಕಪ್ಪಿನಲ್ಲಿ ಸಾವಾದರೆ?

ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಮನೆಯವರಿಗೆ ತಿಳಿಸಬೇಕು. 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೆ ವರದಿ ಹೋಗಬೇಕು, ಶವಪರೀಕ್ಷೆಯ ವಿಡಿಯೊ ಆಗಬೇಕು. ‘ಬೇಗ ಮಣ್ಣು ಮಾಡಿಬಿಡಿ’ ಅಂತ ಯಾರು ಹೇಳಿದರೂ ಕೇಳಬೇಡಿ. ಸುಡಲೂಬೇಡಿ. ಹೂತಿದ್ದರೆ ಎರಡನೇ ಸಲ ಪರೀಕ್ಷೆಗೆ ದಾರಿ ಉಳಿಯುತ್ತದೆ.

ರಾಜಿಗೆ ಕರೆಯುತ್ತಿದ್ದಾರೆ, ಹೋಗಲಾ?

ನಿಮ್ಮಿಷ್ಟ. ಮನೆ, ಅಂಗಡಿ ಅದೇ ಊರಿನಲ್ಲಿ ಇರುವವರಿಗೆ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹೋದರೆ ವಕೀಲರ ಜೊತೆ ಹೋಗಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ.

ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. 15100ಕ್ಕೆ ಕರೆ ಮಾಡಿ.

ದೂರು ಹೇಗೆ ಬರೆಯಬೇಕು?

ಒಂದೂವರೆ ಪುಟ ಸಾಕು. ‘ದಬ್ಬಾಳಿಕೆ’, ‘ಅಮಾನುಷ’ ಇಂಥ ಪದಗಳನ್ನು ಬಿಟ್ಟು ಹೀಗೆ ಬರೆಯಿರಿ:

‘ದಿನಾಂಕ ಇಷ್ಟರಂದು ರಾತ್ರಿ 9.40ಕ್ಕೆ ನನ್ನ ಅಂಗಡಿಗೆ ಇಬ್ಬರು ಬಂದರು. ಒಬ್ಬರು ಯೂನಿಫಾರ್ಮಿನಲ್ಲಿದ್ದರು, ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ. ಜೀಪಿನ ನಂಬರು ಇಷ್ಟು. ಠಾಣೆಯ ಹಿಂದಿನ ಕೊಠಡಿಯಲ್ಲಿ ನೆಲದ ಮೇಲೆ ಕೂರಿಸಿದರು. ನಸುಗಂದು ಬಣ್ಣದ ಪೈಪಿನಿಂದ ಎರಡೂ ಅಂಗಾಲಿಗೆ ಹೊಡೆದರು, ಎಣಿಸಲು ಆಗಲಿಲ್ಲ. ಆ ಕೊಠಡಿಯಲ್ಲಿ ಹಳೇ ಗೋದ್ರೇಜ್ ಬೀರು, ಅದರ ಮೇಲೆ ಎರಡು ಹೆಲ್ಮೆಟ್ ಇದ್ದವು. ರಾತ್ರಿ 1 ಗಂಟೆಗೆ ನನ್ನ ಅಣ್ಣ ಬಂದ ಮೇಲೆ ಬಿಟ್ಟರು. ಯಾವ ಕಾಗದಕ್ಕೂ ಸಹಿ ಪಡೆಯಲಿಲ್ಲ.’

ಆ ಬೀರು, ಆ ಹೆಲ್ಮೆಟ್ ಮುಖ್ಯ. ಒಳಗೆ ಹೋಗದವನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಕೆಳಗೆ ಸಹಿ, ತಾರೀಖು, ಫೋನ್ ನಂಬರು ಹಾಕಿ. ಆಸ್ಪತ್ರೆ ಚೀಟಿಯ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ. ಫೋಟೊ, ವಿಡಿಯೊ ತೆಗೆದ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಕೋರ್ಟಿನಲ್ಲಿ ಅದೇ ಬೇಕಾಗುತ್ತೆ. ದೂರಿನ ನಾಲ್ಕು ಪ್ರತಿ ತೆಗೆಸಿ: ಎಸ್‌ಪಿಗೆ ಒಂದು, ಪ್ರಾಧಿಕಾರಕ್ಕೆ ಒಂದು, ಆಯೋಗಕ್ಕೆ ಒಂದು. ನಾಲ್ಕನೆಯದಕ್ಕೆ ಟಪಾಲು ಶಾಖೆಯ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.